ಬೀಳ್ಕೊಡಲು ಹೋಗಿ ಉಳಿಸಿಕೊಂಡ ಗಡಿಕಲ್ಲು

ಇವರಿಗೆ,
ಮಾನ್ಯ ಅಧ್ಯಕ್ಷರು,
ತಾಲ್ಲೂಕು ಮತ್ತು ಗ್ರಾಮ ಪಂಚಾಯಿತಿ ಗಡಿ ಪರಿಶೀಲನಾ ಸಮಿತಿ

ಮಾನ್ಯರೇ,

ಬೇವಿನಗೊಂದಿ ಗ್ರಾಮದ ಅಂಗನವಾಡಿ ಕಾರ್ಯಕರ್ತೆ ರಾಧಾಮಣಿ ಎಂಬ ನಾನು, ಶಿರಾ ತಾಲ್ಲೂಕಿನಲ್ಲಿ ಕುಳಿತು, ಎದ್ದು ಐದೂವರೆ ಹೆಜ್ಜೆ ಇಟ್ಟರೆ ಮಧುಗಿರಿ ತಾಲ್ಲೂಕು ಸಿಗುವ ಜಾಗದಿಂದ, ತಮಗೂ, ತಮ್ಮ ಸಮಿತಿಯ ಸಮಸ್ತ ಸದಸ್ಯರಿಗೂ, ತಮ್ಮ ನಕ್ಷೆಗೂ, ಆ ನಕ್ಷೆಯ ಮೇಲೆ ಗೆರೆ ಎಳೆದ ಪೆನ್ಸಿಲಿಗೂ ಅನಂತಾನಂತ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ಇಲ್ಲಿ ನಾವು ಎರಡೂ ತಾಲ್ಲೂಕುಗಳಲ್ಲಿ ಕ್ಷೇಮ. ತಾವು ಒಂದೇ ತಾಲ್ಲೂಕಿನಲ್ಲಿದ್ದುಕೊಂಡು ಹೇಗೆ ಕ್ಷೇಮವಾಗಿರುತ್ತೀರೋ ನಮಗೆ ತಿಳಿಯದು, ಆದರೂ ಇದ್ದೀರೆಂದು ನಂಬಿದ್ದೇವೆ.

ತಾವು ನಮ್ಮೂರನ್ನು ನಕ್ಷೆಯಲ್ಲಿ ಮಾತ್ರ ನೋಡಿರುವ ಕಾರಣ ಎರಡು ಮಾತು ಹೇಳಿಬಿಡುತ್ತೇನೆ. ನಮ್ಮೂರಿಗೆ ಇರುವುದು ಒಂದೇ ಬೀದಿ, ಅಗಲ ಹನ್ನೊಂದು ಹೆಜ್ಜೆ. ಬೀದಿಯ ನಟ್ಟನಡುವೆ ತಾಲ್ಲೂಕು ಗಡಿ. ಪಡುವಣ ಸಾಲಿನ ಮನೆಗಳು ಶಿರಾ ತಾಲ್ಲೂಕು, ಮೂಡಣ ಸಾಲಿನವು ಮಧುಗಿರಿ ತಾಲ್ಲೂಕು. ಎರಡು ಸಾಲಿಗೂ ಬೇರೆ ಬೇರೆ ಪಂಚಾಯಿತಿ, ಬೇರೆ ಬೇರೆ ಪಿನ್‌ಕೋಡು, ಬೇರೆ ಬೇರೆ ಶಾಸಕರು. ಬೀದಿಯ ಬಾಯಲ್ಲಿ ಒಂದು ಬೇವಿನ ಮರ, ಅದರ ಬುಡದಲ್ಲಿ ಒಂದು ಗಡಿಕಲ್ಲು. ಅಷ್ಟೇ ನಮ್ಮೂರು. ಇಷ್ಟು ಚಿಕ್ಕ ಊರಿಗೆ ಇಷ್ಟೊಂದು ಸರ್ಕಾರ ಬೇರೆಲ್ಲೂ ಸಿಕ್ಕಿರಲಾರದು.

ಈ ವ್ಯವಸ್ಥೆಯಿಂದ ನಮಗಾಗಿರುವ ಉಪಕಾರಗಳನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಕೃತಘ್ನಳಾದೇನು. ನಮ್ಮೂರಿನ ಹಿರಿಯರಾದ ತಿಮ್ಮರಾಯಪ್ಪನವರು ಬೇವಿನ ಮರದಡಿ ಮಂಚ ಹಾಕಿಕೊಂಡು ಕೂರುತ್ತಾರೆ. ಬೆಳಗ್ಗೆ ನೆರಳು ಪಡುವಣಕ್ಕೆ ಬೀಳುವುದರಿಂದ ಅವರು ಶಿರಾ ತಾಲ್ಲೂಕಿನಲ್ಲಿರುತ್ತಾರೆ, ಸಂಜೆ ನೆರಳು ಮೂಡಣಕ್ಕೆ ಸರಿದಾಗ ಮಂಚವನ್ನೂ ಎಳೆದುಕೊಂಡು ಮಧುಗಿರಿ ತಾಲ್ಲೂಕಿಗೆ ವರ್ಗವಾಗುತ್ತಾರೆ. ಇದಕ್ಕಾಗಿ ಅವರು ಯಾವ ಮಂತ್ರಿಯ ಕಾಲನ್ನೂ ಹಿಡಿದಿಲ್ಲ. ನಮ್ಮ ಬೀದಿದೀಪದ ಕಂಬ ಮೂಡಣ ಸಾಲಿನಲ್ಲಿದೆ, ಅದರ ಸ್ವಿಚ್ಚು ಪಡುವಣ ಸಾಲಿನಲ್ಲಿದೆ. ಬಲ್ಬು ಹಾಕುವುದು ಒಂದು ಪಂಚಾಯಿತಿ, ಒತ್ತುವುದು ಇನ್ನೊಂದು ಪಂಚಾಯಿತಿ, ಹೀಗಾಗಿ ದೀಪ ಮಧ್ಯಾಹ್ನ ಹನ್ನೆರಡಕ್ಕೆ ಬಹಳ ಚೆನ್ನಾಗಿ ಉರಿಯುತ್ತದೆ. ಚರಂಡಿಯ ವಿಷಯವಂತೂ ಕೇಳಲೇಬೇಡಿ. ಪಡುವಣ ಪಂಚಾಯಿತಿಯವರು ಹೂಳೆತ್ತಿ ಮೂಡಣಕ್ಕೆ ಹಾಕುತ್ತಾರೆ, ಮೂಡಣದವರು ಅದನ್ನು ಬುಟ್ಟಿಯಲ್ಲಿ ತುಂಬಿ ಗೌರವದಿಂದ ಪಡುವಣಕ್ಕೆ ಹಿಂತಿರುಗಿಸುತ್ತಾರೆ. ನಾಲ್ಕು ವರ್ಷದಿಂದ ಅದೇ ಹೂಳು ಓಡಾಡುತ್ತಿದೆ. ನಮ್ಮಲ್ಲಿ ಅದರಷ್ಟು ಪ್ರಯಾಣ ಮಾಡಿದವರು ಇನ್ನೊಬ್ಬರಿಲ್ಲ.

ಮೂಡಣ ಸಾಲಿನ ಹುಡುಗಿಯನ್ನು ಎದುರು ಮನೆಗೇ ಮದುವೆ ಮಾಡಿಕೊಟ್ಟವರೂ ನಮ್ಮಲ್ಲಿದ್ದಾರೆ. ಹೆಣ್ಣು ಹನ್ನೊಂದು ಹೆಜ್ಜೆ ದಾಟಿದ್ದಕ್ಕೆ ಆಧಾರ್ ವಿಳಾಸ, ಮತದಾರರ ಪಟ್ಟಿ, ರೇಷನ್ ಕಾರ್ಡು ಎಲ್ಲವನ್ನೂ ತಾಲ್ಲೂಕು ಬದಲಾಯಿಸಿಕೊಂಡು ಬರುವಷ್ಟರಲ್ಲಿ ಆಕೆಗೆ ಎರಡು ಮಕ್ಕಳಾದವು. ಅವಳ ತಾಯಿ ಈಗಲೂ ಎದುರು ಜಗಲಿಯಿಂದ ಬಟ್ಟಲಲ್ಲಿ ಹುರುಳಿಕಾಳಿನ ಸಾರು ದಾಟಿಸುತ್ತಾರೆ. ಅಂತರ ತಾಲ್ಲೂಕು ಸಾರು ಸಾಗಣೆಗೆ ಪರವಾನಗಿ ಬೇಕೆ ಎಂದು ನಾವು ಇದುವರೆಗೆ ಯಾರನ್ನೂ ಕೇಳಿಲ್ಲ. ಕೇಳಿದರೆ ಬೇಕು ಎಂದುಬಿಡುತ್ತಾರೆಂಬ ಭಯ.

ಇದೆಲ್ಲವನ್ನೂ ನಾವು ನಗುನಗುತ್ತಲೇ ಸಹಿಸಿಕೊಂಡಿದ್ದೆವು, ಮುಂದೆಯೂ ಸಹಿಸುತ್ತಿದ್ದೆವು. ಆದರೆ ನನ್ನ ಕೇಂದ್ರಕ್ಕೆ ಹದಿನೇಳು ಮಕ್ಕಳು ಬರುತ್ತಾರೆ ಮಾನ್ಯರೇ. ಅವರಲ್ಲಿ ಒಂಬತ್ತು ಮಕ್ಕಳು ಪಡುವಣ ಸಾಲಿನವರು, ಎಂಟು ಮಕ್ಕಳು ಮೂಡಣ ಸಾಲಿನವರು. ನನ್ನ ಅಂಗನವಾಡಿ ಪಡುವಣ ಸಾಲಿನಲ್ಲಿರುವುದರಿಂದ ಒಂಬತ್ತು ಮಕ್ಕಳು ಸರ್ಕಾರದ ಪ್ರಕಾರ ಇದ್ದಾರೆ, ಎಂಟು ಮಕ್ಕಳು ಇಲ್ಲ. ಇಲ್ಲದ ಎಂಟು ಮಕ್ಕಳು ದಿನವೂ ಒಂಬತ್ತೂವರೆಗೆ ಸರಿಯಾಗಿ ಬಂದು, ಚಪ್ಪಲಿ ಬಿಟ್ಟು, ಪ್ರಾರ್ಥನೆ ಹೇಳಿ, ಒಬ್ಬರನ್ನೊಬ್ಬರು ಜಿಗುಟಿ, ಅತ್ತು, ಉಂಡು, ಮಲಗಿ ಏಳುತ್ತಾರೆ. ಇಲ್ಲದವರು ಇಷ್ಟೊಂದು ಗಲಾಟೆ ಮಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೂಡಣ ಸಾಲಿನ ಮಕ್ಕಳ ಹೆಸರು ಇರುವುದು ಅವರ ತಾಲ್ಲೂಕಿಗೆ ಸೇರಿದ ಕೋಡಿಹಟ್ಟಿಯ ಅಂಗನವಾಡಿಯಲ್ಲಿ. ಕೆರೆ ಏರಿ ದಾಟಿ ಮೂರು ಕಿಲೋಮೀಟರು. ಹರ್ಷಿತಾ ಎಂಬ ಮೂರೂವರೆ ವರ್ಷದ ಮಗುವಿನ ತಂದೆತಾಯಿ ಇಬ್ಬರೂ ಬೆಳಗಾಗುತ್ತಲೇ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ, ಮಗು ಇರುವುದು ಆಡು ಕಾಯುವ ಅಜ್ಜಿ ಹೊನ್ನಕ್ಕನ ಜೊತೆ. ನಿಯಮದ ಮೇಲೆ ಗೌರವವಿಟ್ಟು ಹೊನ್ನಕ್ಕ ಒಂದು ದಿನ ಮೊಮ್ಮಗಳನ್ನು ಕೋಡಿಹಟ್ಟಿಗೆ ಕರೆದುಕೊಂಡು ಹೋದರು. ಬಂದು ನನಗೆ ಕೊಟ್ಟ ಹೇಳಿಕೆಯನ್ನು ದಾಖಲೆಗಾಗಿ ಇದ್ದ ಹಾಗೆಯೇ ಬರೆಯುತ್ತೇನೆ: "ಆಡೂ ಹೊಡ್ಕೊಂಡು ಕೂಸ್ನೂ ಎತ್ಕೊಂಡು ಹೋದೆ ಮಿಸ್ಸಮ್ಮ. ಕೂಸು ಹೆಗಲ್ ಮ್ಯಾಗೇ ಮಲಿಕ್ಕಂತು. ಅಲ್ಲೋಗೋ ಹೊತ್ಗೆ ಊಟ ಆಗ್ಬುಟ್ಟಿತ್ತು. ಇತ್ಲಾಗೆ ತಿರುಗಿ ನೋಡಿದ್ರೆ ಎಲ್ಡು ಆಡು ಯಾರ್ದೋ ಕಳ್ಳೇಕಾಯಿ ಹೊಲಕ್ಕೆ ನುಗ್ಬುಟ್ಟವೆ. ಇಂಗೇ ದಿನಾ ಆದ್ರೆ ನಾನು ಆಡು ಕಾಯ್ಲೋ ಕೂಸು ಕಾಯ್ಲೋ, ನೀನೇ ಹೇಳು." ನಾಳೆಯಿಂದ ಇಲ್ಲಿಗೇ ಕಳಿಸು ಎಂದೆ. ಅವರ ಮನೆಯಿಂದ ನನ್ನ ಹೊಸ್ತಿಲಿಗೆ ಹನ್ನೊಂದೇ ಹೆಜ್ಜೆ, ಹರ್ಷಿತಾಳ ಕಾಲಿಗೆ ಇಪ್ಪತ್ತಾರು.

ಈಗ ತಪ್ಪೊಪ್ಪಿಗೆ. ವಾರಕ್ಕೆ ಎರಡು ದಿನ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡಬೇಕು. ನನಗೆ ಬರುವುದು ಒಂಬತ್ತು. ನಾನು ಹೊಲಿಗೆ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಇನ್ನೊಂದನ್ನು ಕೈಯಲ್ಲಿ ಎಳೆದು ಒಂದೊಂದು ಮೊಟ್ಟೆಯನ್ನೂ ಸರಿಯಾಗಿ ನಡುವೆ ಸೀಳುತ್ತೇನೆ. ನಡುವೆ ಸೀಳುವ ವಿದ್ಯೆಯಲ್ಲಿ ತಾವೇ ನನಗೆ ಗುರುಗಳು. ಒಂಬತ್ತು ಮೊಟ್ಟೆಗೆ ಹದಿನೆಂಟು ಹೋಳು, ಹದಿನೇಳು ಮಕ್ಕಳು. ಉಳಿದ ಒಂದು ಹೋಳನ್ನು ಆ ದಿನ ಎಲ್ಲರಿಗಿಂತ ಹೆಚ್ಚು ಅತ್ತವರಿಗೆ ಕೊಡುವುದು ಎಂದು ಒಮ್ಮೆ ಹೇಳಿಬಿಟ್ಟೆ. ಅಂದಿನಿಂದ ಮೊಟ್ಟೆಯ ದಿನ ನಮ್ಮ ಕೇಂದ್ರದಲ್ಲಿ ಎಂಥ ರೋದನ ಏಳುತ್ತದೆಂದರೆ ಬೀದಿಯಲ್ಲಿ ಹೋಗುವವರು ಯಾರು ತೀರಿಕೊಂಡರು ಎಂದು ಒಳಗೆ ಇಣುಕುತ್ತಾರೆ.

ಹೀಗಿರುವಾಗ, ಊರುಗಳನ್ನು ಸೀಳಿಕೊಂಡು ಹೋಗಿರುವ ಗಡಿಗಳನ್ನು ಸರಿಪಡಿಸಲು ಸಮಿತಿಯಾಗಿದೆ ಎಂಬ ಸುದ್ದಿ ಬಂತು. ನಮ್ಮ ಸಂತೋಷವನ್ನು ಏನೆಂದು ಹೇಳಲಿ! ಪೂರ್ತಿ ಊರನ್ನು ಶಿರಾಕ್ಕೆ ಸೇರಿಸಿದರೂ ಸೈ, ಮಧುಗಿರಿಗೆ ಸೇರಿಸಿದರೂ ಸೈ, ಕೊರಟಗೆರೆಗೋ ಪಾವಗಡಕ್ಕೋ ಒಯ್ದು ಹಾಕಿದರೂ ಸೈ, ಒಂದು ಕಡೆ ಹಾಕಿ ಎಂದು ಎರಡೂ ಸಾಲಿನವರು ಒಂದೇ ಹಾಳೆಯಲ್ಲಿ ಸಹಿ ಮಾಡಿ ಕಳಿಸಿದೆವು. ಕ್ಷೇತ್ರ ಪರಿಶೀಲನೆಗೆ ಅಧಿಕಾರಿಗಳಾದ ಲಕ್ಷ್ಮೀಪತಿಯವರು ಬರುತ್ತಾರೆಂದು ತಮ್ಮಿಂದ ಉತ್ತರವೂ ಬಂತು. ಅಧಿಕಾರಿ ಬರುತ್ತಾರೆ ಎಂದರೆ ಕಲ್ಲು ಕೀಳಿಸಲೇ ಬರುತ್ತಾರೆ ಎಂದು ಊರು ತೀರ್ಮಾನಿಸಿತು. ಅಷ್ಟು ದೂರದಿಂದ ಜೀಪು ಹಾಕಿಕೊಂಡು ಬಂದು ಕಲ್ಲನ್ನು ಸುಮ್ಮನೆ ನೋಡಿ ಹೋಗುವವರೂ ಇರುತ್ತಾರೆ ಎಂದು ನಮಗೆ ಹೊಳೆಯಲೇ ಇಲ್ಲ.

ಇಲ್ಲಿ ನಮ್ಮೂರಿನ ಒಂದು ಪದ್ಧತಿಯನ್ನು ತಾವು ತಿಳಿಯಬೇಕು. ನೆಲದಲ್ಲಿ ನೆಟ್ಟು ನಿಂತ ಯಾವುದನ್ನೂ ನಾವು ಹಾಗೇ ಕೀಳುವುದಿಲ್ಲ. ಹಳೆಯ ಮನೆಯ ಒರಳು ಎತ್ತುವಾಗಲೂ, ಕಣದ ಮೇಟಿ ಕೀಳುವಾಗಲೂ, ಒಣಗಿದ ಮರ ಕಡಿಯುವಾಗಲೂ ಅದಕ್ಕೆ ನೀರು ಹಾಕಿ, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಇಷ್ಟು ದಿನ ಇದ್ದೆಯಲ್ಲ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ, ಹೋಗಿ ಬಾ ಎಂದು ಹೇಳಿ ಆಮೇಲೆ ಹಾರೆ ಹಾಕುತ್ತೇವೆ. ಹಾಗೆಯೇ ಆ ಗಡಿಕಲ್ಲನ್ನೂ, ಎಷ್ಟಾದರೂ ನಮ್ಮ ಜೊತೆ ಬಾಳಿದ ಜೀವ ಎಂದು, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಕಳಿಸಲು ಸಿದ್ಧರಾದೆವು. ಮೂಡಣದವರು ಹೂವು ತಂದರು, ಪಡುವಣದವರು ಕಾಯಿ ತಂದರು. ಕನಕಾಂಬರದ ಮೂರು ಮೊಳ ಹಾರ, ಹೊಸ ರವಿಕೆ ಕಣ, ಮಡಿಲಕ್ಕಿ. ತಿಮ್ಮರಾಯಪ್ಪನವರು ಕೈಮುಗಿದು, "ಇಷ್ಟ್ ದಿನ ನಮ್ ಕಾಲಡೀಲೇ ನಿಂತಿದ್ದೆ. ಎಡವಿದಾಗ ಬೈದಿದ್ರೆ ಹೊಟ್ಟೆಗಾಕ್ಕೊ. ನಿನ್ನ ದಾರಿ ನೀನು ನೋಡ್ಕೊ, ನಮ್ಮೂರ್ನ ನಮ್ಗೆ ಬುಡು" ಎಂದು ಬೇಡಿಕೊಂಡರು. ಮರಕ್ಕೆ ಒರಗಿಸಿ ಎರಡು ಹಾರೆಗಳನ್ನೂ ಇಟ್ಟಿದ್ದೆವು. ಶುಭಕಾರ್ಯದಲ್ಲಿ ಎದ್ದು ಕಾಣಬಾರದೆಂದು ಅವುಗಳ ಮೇಲೆ ಟವೆಲ್ಲು ಹೊದಿಸಿದ್ದೇ ನಾವು ಮಾಡಿದ ಮಹಾಪರಾಧ.

ಜೀಪು ಬಂದದ್ದು ಸರಿಯಾಗಿ ಮಂಗಳಾರತಿಯ ಹೊತ್ತಿಗೆ. ಲಕ್ಷ್ಮೀಪತಿಯವರು ಇಳಿದವರೇ ಆ ದೃಶ್ಯ ಕಂಡು ಬೂಟು ಕಳಚಿದರು. ಎಂಥ ಸಂಸ್ಕಾರವಂತರು! ಆರತಿ ತೆಗೆದುಕೊಂಡರು, ಹಣೆಗೆ ಕುಂಕುಮ ಇಟ್ಟುಕೊಂಡರು, ರಸಾಯನ ಎರಡು ಸಲ ಹಾಕಿಸಿಕೊಂಡರು. ಎರಡೂ ಕಡೆಯವರು ಸೇರಿ ಪೂಜೆ ಮಾಡುತ್ತೀರಾ ಎಂದು ಕೇಳಿದರು. ನಮ್ಮ ಒಗ್ಗಟ್ಟು ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದೆಂದು ಇಡೀ ಬೀದಿ ಒಂದೇ ದನಿಯಲ್ಲಿ "ಊಂ ಸಾ, ಎಲ್ರೂ ಒಂದೇ ಸಾ!" ಎಂದಿತು. ಹದಿನೇಳು ಮಕ್ಕಳನ್ನೂ ಕಲ್ಲಿನ ಮುಂದೆ ಕೈಮುಗಿಸಿ ನಿಲ್ಲಿಸಿ ಫೋಟೋ ತೆಗೆದುಕೊಂಡರು. ಹರ್ಷಿತಾಳ ಮೂಗಿನಿಂದ ಸುರಿಯುತ್ತಿದ್ದುದನ್ನು ತಮ್ಮ ಸ್ವಂತ ಕರವಸ್ತ್ರದಲ್ಲಿ ಒರೆಸಿದರು. ಕಲ್ಲು ಯಾವಾಗ ಕೀಳುತ್ತೀರಿ ಎಂದು ನಾವು ಕೇಳಲಿಲ್ಲ. ಮನೆಗೆ ಬಂದವರಿಗೆ ಬಂದ ಕೆಲಸ ನೆನಪಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅವರು ಕಣ್ಣು ಒದ್ದೆ ಮಾಡಿಕೊಂಡೇ ಜೀಪು ಹತ್ತಿದರು.

ಕಳೆದ ವಾರ ತಮ್ಮ ಕರಡು ವರದಿ ಬಂದಿದೆ. ನಮ್ಮ ಊರಿನ ಬಗ್ಗೆ ಅದರಲ್ಲಿರುವ ಮಾತುಗಳನ್ನು ನಾನು ಕಂಠಪಾಠ ಮಾಡಿದ್ದೇನೆ: "ಉಭಯ ತಾಲ್ಲೂಕುಗಳ ನಿವಾಸಿಗಳು ಹಾಲಿ ಗಡಿಯೊಂದಿಗೆ ಗಾಢವಾದ ಭಾವನಾತ್ಮಕ ಹಾಗೂ ಧಾರ್ಮಿಕ ಸಂಬಂಧ ಹೊಂದಿರುವುದು ಸ್ಥಳ ಪರಿಶೀಲನೆಯಿಂದ ಕಂಡುಬಂದಿದ್ದು, ಸದರಿ ಗಡಿಯ ಬದಲಾವಣೆಯಿಂದ ಸಾರ್ವಜನಿಕರ ಭಾವನೆಗಳಿಗೆ ಧಕ್ಕೆಯುಂಟಾಗುವ ಸಂಭವವಿರುವುದರಿಂದ, ಯಥಾಸ್ಥಿತಿಯನ್ನು ಕಾಪಾಡಲು ಹಾಗೂ ಗಡಿಕಲ್ಲಿನ ಸುತ್ತ ತಂತಿಬೇಲಿ ನಿರ್ಮಿಸಲು ಶಿಫಾರಸು ಮಾಡಲಾಗಿದೆ." ಇದನ್ನು ಬೀದಿಯಲ್ಲಿ ನಿಂತು ಜೋರಾಗಿ ಓದಿದೆ. ಇನ್ನೊಮ್ಮೆ ಓದು ಎಂದರು, ಓದಿದೆ. ಕೊನೆಗೆ ತಿಮ್ಮರಾಯಪ್ಪನವರು, "ಅಲ್ಲ ಕಣಮ್ಮ, ಹೋಗು ಅಂತ ಕೈ ಮುಗುದ್ರೆ ಇರು ಅಂತ ಬರ್ಕೊಂಡೋಗವ್ರಲ್ಲ!" ಎಂದರು. ಅಷ್ಟಕ್ಕೆ ಹೊನ್ನಕ್ಕ ನಗಲು ಶುರು ಮಾಡಿದರು, ಆಮೇಲೆ ಎಲ್ಲರೂ ನಕ್ಕರು, ಹೊಟ್ಟೆ ಹಿಡಿದುಕೊಂಡು, ಜಗಲಿಯ ಮೇಲೆ ಬಿದ್ದು, ಎರಡೂ ತಾಲ್ಲೂಕುಗಳಲ್ಲಿ ಏಕಕಾಲಕ್ಕೆ ನಕ್ಕೆವು. ಮಾನ್ಯರೇ, ನಾವು ಇಷ್ಟು ನಕ್ಕು ವರ್ಷಗಳಾಗಿದ್ದವು. ಅದಕ್ಕಾಗಿ ಸಮಿತಿಗೆ ಪ್ರತ್ಯೇಕ ಧನ್ಯವಾದಗಳು.

ಆಕ್ಷೇಪಣೆ ಸಲ್ಲಿಸಲು ಮೂವತ್ತು ದಿನ ಕೊಟ್ಟಿದ್ದೀರಿ, ಅದೂ ದೊಡ್ಡ ಮನಸ್ಸು. ನಮೂನೆಯ ಮೂರನೆಯ ಕಾಲಂನಲ್ಲಿ, ತಮ್ಮ ತಾಲ್ಲೂಕಿನ ವ್ಯಾಪ್ತಿಯಲ್ಲಿರುವ ಗ್ರಾಮವು ವಿಭಜನೆಯಾಗಿದೆಯೇ ಎಂದು ಕೇಳಿದ್ದೀರಿ. ಪಡುವಣ ಸಾಲು ಪೂರ್ತಿ ಶಿರಾದಲ್ಲಿರುವುದರಿಂದ ಅದು ವಿಭಜನೆಯಾಗಿಲ್ಲ. ಮೂಡಣ ಸಾಲು ಪೂರ್ತಿ ಮಧುಗಿರಿಯಲ್ಲಿರುವುದರಿಂದ ಅದೂ ವಿಭಜನೆಯಾಗಿಲ್ಲ. ಎರಡು ಅಖಂಡ ಅರ್ಧಗಳಾದ ನಮಗೆ ದೂರುವ ಹಕ್ಕೇ ಇಲ್ಲ ಎಂಬುದನ್ನು ಒಂದೇ ಕಾಲಂನಲ್ಲಿ ಸಾಬೀತು ಮಾಡಿದ ಆ ಬುದ್ಧಿವಂತರಿಗೆ ನನ್ನ ಸಾಷ್ಟಾಂಗ. ಎರಡು ತಾಲ್ಲೂಕಿನವರು ಸೇರಿ ಸಹಿ ಮಾಡಲು ಜಾಗವಿಲ್ಲದ ಕಾರಣ ಈ ಬಹಿರಂಗ ಪತ್ರ.

ಗಡಿಯನ್ನು ಸರಿಸಲು ಆಗದಿದ್ದರೆ ನಮ್ಮ ಬೇರೆ ಬೇಡಿಕೆಗಳನ್ನಾದರೂ ಪರಿಶೀಲಿಸಿ. ಮೂಡಣ ಸಾಲಿನ ಮನೆಗಳನ್ನು ಜಗಲಿ, ಕೊಟ್ಟಿಗೆ, ತಿಪ್ಪೆಗಳ ಸಮೇತ ಹನ್ನೊಂದು ಹೆಜ್ಜೆ ಈಚೆಗೆ ತಳ್ಳಿಸಿಕೊಡಿ, ನಾವೂ ಒಂದು ಕೈ ಹಾಕುತ್ತೇವೆ. ಅದು ಕಷ್ಟವಾದರೆ, ಸರ್ಕಾರಿ ನೌಕರರನ್ನು ಮೂರು ವರ್ಷಕ್ಕೊಮ್ಮೆ ವರ್ಗ ಮಾಡುವ ಹಾಗೆ ಈ ಗೆರೆಯನ್ನೂ ವರ್ಗ ಮಾಡಿ. ನಾನು ಸೊಸೆಯಾಗಿ ಬರುವ ಎಷ್ಟೋ ಮೊದಲಿನಿಂದ ಅದು ಒಂದೇ ಜಾಗದಲ್ಲಿ ಬೇರು ಬಿಟ್ಟಿದೆ, ಒಂದು ದಿನ ರಜೆ ಹಾಕಿದ್ದನ್ನು ಕಂಡವರಿಲ್ಲ. ವಯೋನಿವೃತ್ತಿ ಮಾಡುವುದಾದರೆ ಶಾಲು, ಹಾರ, ಹಣ್ಣಿನ ತಟ್ಟೆ ನಮ್ಮ ಲೆಕ್ಕ. ಆದರೆ ಈ ಸಲ ಆ ಸಮಾರಂಭಕ್ಕೆ ತಮ್ಮ ಅಧಿಕಾರಿಗಳನ್ನು ಕರೆಯುವುದಿಲ್ಲ.

ಇನ್ನು ನಗೆ ಸಾಕು. ಬರುವ ತಿಂಗಳ ಒಂದನೇ ತಾರೀಖಿನಿಂದ, ಮೊಬೈಲಿನಲ್ಲಿ ಮುಖ ನೋಂದಣಿಯಾದ ಮಕ್ಕಳಿಗೆ ಮಾತ್ರ ಊಟ ಕೊಡಬೇಕು, ಹೊರಗಿನ ಮಕ್ಕಳನ್ನು ಕೂರಿಸಿಕೊಳ್ಳಬಾರದು ಎಂದು ನನಗೆ ಆದೇಶ ಬಂದಿದೆ. ದಿನವೂ ನಾನು ಮಕ್ಕಳ ಮುಖವನ್ನು ಫೋನಿಗೆ ತೋರಿಸುತ್ತೇನೆ. ಒಂಬತ್ತು ಮಕ್ಕಳಿಗೆ ಫೋನು ಹಸಿರು ಗುರುತು ಕೊಡುತ್ತದೆ. ಉಳಿದ ಎಂಟು ಮಕ್ಕಳೂ ಸಾಲಿನಲ್ಲಿ ನಿಲ್ಲುತ್ತಾರೆ, ಏಕೆಂದರೆ ಫೋಟೋ ಎಂದರೆ ಯಾರಿಗೆ ಇಷ್ಟವಿಲ್ಲ? ಹರ್ಷಿತಾ ಅಂಗೈಗೆ ನೀರು ಹಾಕಿಕೊಂಡು ಕೂದಲು ಒತ್ತಿಕೊಂಡು ಬಂದು ನಿಂತು, ಕ್ಲಿಕ್ ಆದ ಮೇಲೆ "ಮಿಸ್ಸೇ, ನಂದು ಬಂತಾ?" ಎಂದು ಕೇಳುತ್ತಾಳೆ. ಬಂತು ಕಣಮ್ಮ ಎನ್ನುತ್ತೇನೆ. ಅದು ಸುಳ್ಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ನಾನು ಬರೆದ ಎಷ್ಟೋ ಸುಳ್ಳು ವರದಿಗಳು ನನ್ನನ್ನು ಕಾಡಿಲ್ಲ, ಇದು ಕಾಡುತ್ತದೆ. ಆ ಮಗುವಿನ ಅರವತ್ತೊಂದು ಫೋಟೋಗಳು ನನ್ನ ಫೋನಿನಲ್ಲಿವೆ. ಒಂದೂ ಯಾವ ತಾಲ್ಲೂಕಿಗೂ ಸೇರಿಲ್ಲ.

ಒಂದನೇ ತಾರೀಖು ಎಂಟು ಮಕ್ಕಳಿಗೆ ಎದ್ದು ಹೋಗಿ ಎಂದು ಹೇಳಬೇಕಾದವಳು ನಾನು. ನನ್ನ ಬಾಯಿಂದ ಅದು ಬರುವುದಿಲ್ಲ. ಬರುವುದಿಲ್ಲ ಎಂದು ಬರೆದುಕೊಟ್ಟರೆ ಕೆಲಸ ಹೋಗುತ್ತದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಆದ್ದರಿಂದ ಸಮಿತಿಗೆ ನನ್ನ ಕೊನೆಯ ಬೇಡಿಕೆ ಒಂದೇ. ಅಂದು ಬೆಳಗ್ಗೆ ಒಂಬತ್ತೂವರೆಗೆ ತಾವೇ ದಯಮಾಡಿಸಿ. ಫೋನು ಬೇಡ, ನಕ್ಷೆ ಬೇಡ, ಪಟ್ಟಿಯೂ ಬೇಡ. ಹದಿನೇಳು ಮಕ್ಕಳು ಚಾಪೆಯ ಮೇಲೆ ಕೂತಿರುತ್ತಾರೆ. ಅವರ ಮುಖ ನೋಡಿ, ಹೊರಗೆ ಹೋಗಬೇಕಾದ ಎಂಟು ಮಕ್ಕಳು ಯಾರೆಂದು ತಾವೇ ಆರಿಸಿ, ಒಬ್ಬೊಬ್ಬರನ್ನೇ ತಮ್ಮ ಕೈಯಿಂದ ಎಬ್ಬಿಸಿ. ಬಾಗಿಲು ನಾನು ತೆರೆದಿಟ್ಟಿರುತ್ತೇನೆ.

ತಾವು ಬರುವ ದಾರಿಯನ್ನು ಎರಡು ತಾಲ್ಲೂಕುಗಳಿಂದಲೂ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ರಾಧಾಮಣಿ
ಅಂಗನವಾಡಿ ಕಾರ್ಯಕರ್ತೆ (ಸದ್ಯಕ್ಕೆ)
ಬೇವಿನಗೊಂದಿ, ಪಡುವಣ ಸಾಲು ಹಾಗೂ ಮೂಡಣ ಸಾಲು

ಮರೆತ ಮಾತು: ಪತ್ರ ಮುಗಿಸಿದ ಮೇಲೆ ವರದಿಗೆ ಲಗತ್ತಿಸಿರುವ ನಕ್ಷೆಯನ್ನು ತಿಮ್ಮರಾಯಪ್ಪನವರ ಕನ್ನಡಕ ಹಾಕಿಕೊಂಡು ನೋಡಿದೆ. ನಮ್ಮ ಬೀದಿಯ ನಡುವೆ ನೂಲು ಹಿಡಿದ ಹಾಗೆ ನೆಟ್ಟಗೆ ಹೋಗುವ ಗೆರೆ, ಒಂದು ಫರ್ಲಾಂಗು ಮುಂದೆ ಪ್ರಭಾವಿಗಳೊಬ್ಬರ ಕೋಳಿ ಫಾರಂ ಬಂದ ಕೂಡಲೇ ತಟ್ಟನೆ ಬಾಗಿ, ಶೆಡ್ಡು, ಮೇವಿನ ಗೋದಾಮು, ಗೊಬ್ಬರದ ಗುಂಡಿ ಎಲ್ಲವನ್ನೂ ಅಕ್ಕರೆಯಿಂದ ಬಳಸಿಕೊಂಡು, ಆಮೇಲೆ ಮತ್ತೆ ನೆಟ್ಟಗಾಗುತ್ತದೆ. ಆರು ಸಾವಿರ ಕೋಳಿಗಳಲ್ಲಿ ಒಂದು ಕೋಳಿಯೂ ತಲೆಯನ್ನು ಒಂದು ತಾಲ್ಲೂಕಿನಲ್ಲಿ, ಪುಕ್ಕ ಇನ್ನೊಂದರಲ್ಲಿ ಇಟ್ಟು ಮಲಗಬೇಕಾಗಿಲ್ಲ. ಗೆರೆಗೆ ಬಾಗಲು ಬರುತ್ತದೆಂದು ತಿಳಿದು ನಮಗೆಲ್ಲ ಬಹಳ ಸಂತೋಷವಾಯಿತು. ಆಕ್ಷೇಪಣೆಯ ನಮೂನೆಯಲ್ಲಿ ನಮ್ಮ ಎಂಟು ಮಕ್ಕಳನ್ನು ಕೋಳಿಗಳೆಂದೇ ಬರೆದುಕೊಡಲು ತಾಯಂದಿರು ಒಪ್ಪಿದ್ದಾರೆ. ರೆಕ್ಕೆ ಕಡ್ಡಾಯವೇ ಎಂಬುದನ್ನು ಮಾತ್ರ ಮರು ಟಪಾಲಿನಲ್ಲಿ ತಿಳಿಸುವುದು.